ಪೊರೆ ಶಸ್ತ್ರಚಿಕಿತ್ಸೆಯ ಸೀಳು ಮತ್ತು ಸಿಲಿಂಡರ್ ಪವರ್: ನೇತ್ರತಜ್ಞರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನಮ್ಮ ತಾಯಿಯವರ ಬಲಗಣ್ಣಿನ ಪೊರೆಯನ್ನು ಕಳೆದ ವರ್ಷ ಅಲ್ಟ್ರಾಸೌಂಡ್ ಯಂತ್ರವಿಲ್ಲದೆ ಕೈಯಿಂದಲೇ ಮಾಡುವ, ಹೊಲಿಗೆ ಹಾಕದ ಎಸ್‌ಐಸಿಎಸ್ ವಿಧಾನದಲ್ಲಿ ತೆಗೆದರು. ಸೀಳನ್ನು ಮೇಲ್ಭಾಗದಲ್ಲಿ, ರೆಪ್ಪೆಯ ಅಡಿಯಲ್ಲಿ ಮಾಡಿದ್ದರು. ದೃಷ್ಟಿ ತಿಳಿಯಾಗಿದೆ. ಆದರೆ ಕನ್ನಡಕದ ಚೀಟಿಯಲ್ಲಿ ಮೊದಲು ಮೈನಸ್ 0.75 ಇದ್ದ ಸಿಲಿಂಡರ್ (ಒಂದು ದಿಕ್ಕಿನಲ್ಲಷ್ಟೇ ಬೇಕಾಗುವ ಪವರ್) ಈಗ ಮೈನಸ್ 2 ಆಗಿದೆ. ಅದರ ದಿಕ್ಕನ್ನು ಸೂಚಿಸುವ ಅಕ್ಷ ಎರಡು ಸಲವೂ 90. ಎಡಗಣ್ಣಿಗೆ ಫೇಕೋ (ಪೊರೆಯನ್ನು ಅಲ್ಟ್ರಾಸೌಂಡಿನಿಂದ ಒಡೆದು ಹೀರಿ ತೆಗೆಯುವ ವಿಧಾನ) ಮಾಡಿ, ಕಿವಿಯ ಬದಿಯಿಂದ ಸೀಳು ಹಾಕುವುದಾಗಿ ಈಗ ನೋಡುತ್ತಿರುವ ವೈದ್ಯರು ಹೇಳುತ್ತಾರೆ. ಸೀಳಿನ ಜಾಗ ಬದಲಾದರೆ ಇಷ್ಟು ವ್ಯತ್ಯಾಸವಾಗುತ್ತದೆಯೇ?

ಉತ್ತರ: ನಮಸ್ಕಾರ. ಆಗುತ್ತದೆ, ಜಾಗದಷ್ಟೇ ಸೀಳಿನ ಉದ್ದವೂ ಇಲ್ಲಿ ಮುಖ್ಯ. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದಲ್ಲಿ ಅಥವಾ ಅದರ ಅಂಚಿನಲ್ಲಿ ಸೀಳು ಹಾಕಿದಾಗ, ಸೀಳಿನಿಂದ ಕೇಂದ್ರದ ಕಡೆಗೆ ಹೋಗುವ ದಿಕ್ಕಿನಲ್ಲಿ ಅದರ ಬಾಗು ತಗ್ಗಿ ಮೈ ಚಪ್ಪಟೆಯಾಗುತ್ತದೆ, ಅದಕ್ಕೆ ಅಡ್ಡಲಾದ ದಿಕ್ಕಿನಲ್ಲಿ ಬಾಗು ತುಸು ಏರುತ್ತದೆ. ನೀವು ಬರೆದ ಮೈನಸ್ ಸಿಲಿಂಡರ್, ಅಕ್ಷ 90 ಎಂಬುದರ ಅರ್ಥ, ಕಣ್ಣಿನ ಶಕ್ತಿ ಲಂಬ ದಿಕ್ಕಿಗಿಂತ ಅಡ್ಡ ದಿಕ್ಕಿನಲ್ಲಿ ಹೆಚ್ಚಿದೆ ಎಂದು. ಅಂಥ ಕಣ್ಣಿನಲ್ಲಿ ಮೇಲ್ಭಾಗದಿಂದ ಸೀಳಿದಾಗ ಮೊದಲೇ ಕಡಿಮೆ ಬಾಗಿದ್ದ ಲಂಬ ದಿಕ್ಕು ಇನ್ನಷ್ಟು ಚಪ್ಪಟೆಯಾಗಿ, ಎರಡು ದಿಕ್ಕುಗಳ ನಡುವಿನ ಅಂತರ ಬೆಳೆಯುತ್ತದೆ. ತಾಯಿಯವರಿಗೆ ಆಗಿರುವುದು ಬಹುಪಾಲು ಇದೇ ಇರಬೇಕು. ಆದರೂ ಹಳೆಯ ಮತ್ತು ಹೊಸ ಕನ್ನಡಕಗಳನ್ನು ಮಾತ್ರ ಹೋಲಿಸಬೇಡಿ. ಪೊರೆ ಬಂದ ಮಸೂರಕ್ಕೂ ತನ್ನದೇ ಸಿಲಿಂಡರ್ ಇದ್ದಿರಬಹುದು, ಅದು ಮಸೂರದೊಂದಿಗೇ ಹೋಗಿರುತ್ತದೆ. ಶಸ್ತ್ರಚಿಕಿತ್ಸೆಯ ಹಿಂದಿನ ಮತ್ತು ಮುಂದಿನ ಕೆರಟೋಮೆಟ್ರಿ ಅಳತೆಗಳನ್ನು, ಅಂದರೆ ಕಾರ್ನಿಯಾದ ಬಾಗಿನ ಅಂಕಿಗಳನ್ನು, ಪಕ್ಕಪಕ್ಕ ಇಟ್ಟು ನೋಡಿದರೆ ಮಾತ್ರ ಸೀಳಿನ ಪಾಲು ಎಷ್ಟೆಂದು ತಿಳಿಯುತ್ತದೆ.

ಕಿವಿಯ ಬದಿ ಏಕೆ ಸೌಮ್ಯ ಎಂಬುದಕ್ಕೆ ಕಣ್ಣಿನ ರಚನೆಯಲ್ಲೇ ಕಾರಣವಿದೆ. ಕಾರ್ನಿಯಾ ಪೂರ್ಣ ವೃತ್ತವಲ್ಲ. ಅಡ್ಡಲಾಗಿ ಸುಮಾರು 11.7 ಮಿಲಿಮೀಟರ್, ಲಂಬವಾಗಿ ಸುಮಾರು 10.6 ಮಿಲಿಮೀಟರ್ ಇರುತ್ತದೆ. ಆದ್ದರಿಂದ ಬದಿಯ ಅಂಚು ದೃಷ್ಟಿಯ ಕೇಂದ್ರದಿಂದ ಹೆಚ್ಚು ದೂರ, ಅಲ್ಲಿನ ಗಾಯದ ಪ್ರಭಾವ ಕೇಂದ್ರಕ್ಕೆ ಕಡಿಮೆ ತಲುಪುತ್ತದೆ. ಮೇಲ್ಭಾಗದ ಗಾಯದ ಮೇಲಾದರೋ ಪ್ರತಿ ಮಿಟುಕಿನಲ್ಲೂ ರೆಪ್ಪೆಯ ಒತ್ತಡ ಬೀಳುತ್ತದೆ, ಗುರುತ್ವವೂ ಗಾಯದ ಅಂಚುಗಳನ್ನು ಬೇರ್ಪಡಿಸುವ ಕಡೆಗೇ ಎಳೆಯುತ್ತದೆ. ಎಸ್‌ಐಸಿಎಸ್‌ನಲ್ಲಿ ಸ್ಕ್ಲೀರಾದ, ಅಂದರೆ ಕಣ್ಣಿನ ಬಿಳಿ ಭಾಗದ, ಸೀಳು ಸಾಮಾನ್ಯವಾಗಿ 6ರಿಂದ 7 ಮಿಲಿಮೀಟರ್ ಇರುತ್ತದೆ. ಅದನ್ನು ಮೇಲ್ಭಾಗದಲ್ಲಿ ಮಾಡಿದಾಗ ಒಂದು ಡಯಾಪ್ಟರ್ (ಕನ್ನಡಕದ ಪವರ್ ಅಳೆಯುವ ಮಾನ) ಅಥವಾ ಅದಕ್ಕಿಂತ ತುಸು ಹೆಚ್ಚಿನ ಬದಲಾವಣೆ ಅಪರೂಪವಲ್ಲ. ಫೇಕೋ ಸೀಳು 2.2ರಿಂದ 2.8 ಮಿಲಿಮೀಟರ್ ಮಾತ್ರ. ಬದಿಯಿಂದ ಮಾಡಿದರೆ ಬದಲಾವಣೆ ಬಹುತೇಕ ಅರ್ಧ ಡಯಾಪ್ಟರಿನ ಒಳಗೇ ಉಳಿಯುತ್ತದೆ.

ವಯಸ್ಸಾದಂತೆ ಕಾರ್ನಿಯಾದ ಹೆಚ್ಚಿನ ಬಾಗು ಲಂಬದಿಂದ ಅಡ್ಡ ದಿಕ್ಕಿಗೆ ಸರಿಯುವುದರಿಂದ, ಪೊರೆ ತೆಗೆಸಿಕೊಳ್ಳುವ ವಯಸ್ಸಿನ ಅನೇಕರಿಗೆ ಬದಿಯ ಸೀಳು ಮೊದಲೇ ಇರುವ ಸಿಲಿಂಡರ್ ದೋಷವನ್ನು ಸ್ವಲ್ಪ ಇಳಿಸುತ್ತದೆ ಕೂಡ. ತಾಯಿಯವರ ಎಡಗಣ್ಣಿನ ಅಳತೆಯೂ ಬಲಗಣ್ಣಿನಂತೆಯೇ ಇದ್ದರೆ ನಿಮ್ಮ ವೈದ್ಯರ ಸಲಹೆ ಸರಿಯಾದದ್ದು. ಎಸ್‌ಐಸಿಎಸ್ ಕೆಳದರ್ಜೆಯ ವಿಧಾನವೆಂದು ಇದರಿಂದ ತೀರ್ಮಾನಿಸಬೇಡಿ. ಬಹಳ ಗಟ್ಟಿಯಾದ ಪೊರೆಗೆ ಅದೇ ಹೆಚ್ಚು ಸುರಕ್ಷಿತವಾಗುವ ಸಂದರ್ಭಗಳಿವೆ, ಅದನ್ನೂ ಬದಿಯಿಂದ ಮಾಡಲು ಬರುತ್ತದೆ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ನನ್ನ ಕಾರ್ನಿಯಾದಲ್ಲಿ 2.5 ಡಯಾಪ್ಟರ್ ಸಿಲಿಂಡರ್ ಇದೆ. ಹೆಚ್ಚು ಬಾಗಿದ ದಿಕ್ಕಿನಲ್ಲೇ ಸೀಳು ಹಾಕಿಸಿದರೆ ಸಿಲಿಂಡರನ್ನು ಸರಿಪಡಿಸಲು ಕಣ್ಣೊಳಗೆ ಇಡುವ ಟೋರಿಕ್ ಲೆನ್ಸ್ ಇಲ್ಲದೆ ಅದು ಹೋಗುವುದಿಲ್ಲವೇ?

ಉತ್ತರ: ಹೋಗುವುದಿಲ್ಲ, ಆ ನಿರೀಕ್ಷೆಯಲ್ಲಿ ಶಸ್ತ್ರಚಿಕಿತ್ಸೆಗೆ ಹೋಗಬೇಡಿ. ಫೇಕೋದ ಸಣ್ಣ ಸೀಳು ಅರ್ಧ ಡಯಾಪ್ಟರ್ ಇಳಿಸಿದರೆ ಅದೇ ಹೆಚ್ಚು. ಎದುರುಬದುರಾಗಿ ಎರಡು ಸೀಳು ಹಾಕುವುದು, ಕಾರ್ನಿಯಾದ ಅಂಚಿನಲ್ಲಿ ಕಮಾನಿನಾಕಾರದ ಸಡಿಲಿಕೆಯ ಗೀರುಗಳನ್ನು ಮಾಡುವುದು ಮುಂತಾದ ಕ್ರಮಗಳು ಇನ್ನೂ ಸ್ವಲ್ಪ ಇಳಿಸಬಲ್ಲವು. ಆದರೆ ಫಲಿತಾಂಶ ಕಣ್ಣಿಂದ ಕಣ್ಣಿಗೆ ಬದಲಾಗುತ್ತದೆ. ಕಾರ್ನಿಯಾದ ದಪ್ಪ, ಬಿಗುಪು, ಗಾಯ ಮಾಯುವ ರೀತಿ ಇವೆಲ್ಲವನ್ನೂ ಮೊದಲೇ ಲೆಕ್ಕಕ್ಕೆ ತರಲಾಗುವುದಿಲ್ಲ. ನಿಮ್ಮ ಪ್ರಮಾಣಕ್ಕೆ ಟೋರಿಕ್ ಲೆನ್ಸ್ ಹೆಚ್ಚು ನಂಬಿಕೆಗೆ ಅರ್ಹ ಎಂಬುದು ನನ್ನ ಅಭಿಪ್ರಾಯ. ಅದನ್ನು ಆರಿಸಿದರೂ ಸೀಳಿನ ವಿಚಾರ ಮುಗಿಯುವುದಿಲ್ಲ: ಸೀಳು ತರುವ ಬದಲಾವಣೆಯನ್ನು ಸೇರಿಸಿಯೇ ಲೆನ್ಸಿನ ಪವರ್ ಮತ್ತು ಅಕ್ಷವನ್ನು ಲೆಕ್ಕ ಹಾಕಬೇಕು. ಲೆನ್ಸ್ ಒಂದು ಡಿಗ್ರಿ ತಿರುಗಿದರೆ ಅದರ ಪರಿಣಾಮದ ಸುಮಾರು ಶೇ. 3ರಷ್ಟು ನಷ್ಟವಾಗುತ್ತದೆ, 30 ಡಿಗ್ರಿ ತಿರುಗಿದರೆ ಲಾಭವೇ ಉಳಿಯುವುದಿಲ್ಲ. ಮಲಗಿದಾಗ ಕಣ್ಣು ತುಸು ಹೊರಳುವುದರಿಂದ, ಕೈಯಿಂದ ಗುರುತು ಹಾಕುವುದಾದರೆ ಕುಳಿತಿರುವಾಗಲೇ ಹಾಕಬೇಕು.

ಕಾರ್ನಿಯಾದ ಹಿಂಭಾಗದ ಮೇಲ್ಮೈಯನ್ನೂ ಮರೆಯಬಾರದು. ಸಾಮಾನ್ಯ ಕೆರಟೋಮೀಟರ್ ಅಳೆಯುವುದು ಮುಂಭಾಗವನ್ನು ಮಾತ್ರ. ಹಿಂಭಾಗವು ಹೆಚ್ಚಿನವರಲ್ಲಿ ಸರಾಸರಿ 0.3 ಡಯಾಪ್ಟರಿನಷ್ಟು ಶಕ್ತಿಯನ್ನು ಅಡ್ಡ ದಿಕ್ಕಿಗೆ ಸೇರಿಸುತ್ತದೆ. ಆದ್ದರಿಂದ ಲಂಬ ದಿಕ್ಕಿನಲ್ಲಿ ಹೆಚ್ಚು ಬಾಗಿದ ಕಣ್ಣಿನ ದೋಷ ಯಂತ್ರದಲ್ಲಿ ಇರುವುದಕ್ಕಿಂತ ಹೆಚ್ಚಾಗಿಯೂ, ಅಡ್ಡ ದಿಕ್ಕಿನಲ್ಲಿ ಹೆಚ್ಚು ಬಾಗಿದ ಕಣ್ಣಿನ ದೋಷ ಕಡಿಮೆಯಾಗಿಯೂ ಕಾಣುತ್ತದೆ. ಲೆಕ್ಕದಲ್ಲಿ ಇದನ್ನು ಪರಿಗಣಿಸಿದ್ದಾರೆಯೇ ಎಂದು ಕೇಳಲು ಸಂಕೋಚ ಬೇಡ.

ಪ್ರಶ್ನೆ: ಧನ್ಯವಾದಗಳು ಡಾಕ್ಟರೇ. ಎಡಗಣ್ಣಿನ ಅಳತೆಗೆ ಮುನ್ನ ನಾವು ಗಮನಿಸಬೇಕಾದದ್ದೇನು? ಹೊಸ ಕನ್ನಡಕ ಯಾವಾಗ ಮಾಡಿಸಬಹುದು?

ಉತ್ತರ: ಕಣ್ಣು ಒಣಗಿದ್ದರೆ ಕೆರಟೋಮೆಟ್ರಿ ಅಂಕಿಗಳು ಏರುಪೇರಾಗುತ್ತವೆ, ಮೊದಲು ಅದಕ್ಕೆ ಚಿಕಿತ್ಸೆ ಪಡೆದು ಅಳತೆ ಮಾಡಿಸಿ. ಕಾಂಟ್ಯಾಕ್ಟ್ ಲೆನ್ಸ್ ಬಳಸುವವರು ವೈದ್ಯರು ಹೇಳಿದಷ್ಟು ಕಾಲ ಅದನ್ನು ಬಿಟ್ಟಿರಬೇಕು. ಬಲಗಣ್ಣಿನ ಹಳೆಯ ಅಳತೆಗಳು ದೊರೆತರೆ ಹೊಸ ವೈದ್ಯರಿಗೆ ತೋರಿಸಿ. ಫೇಕೋ ಆದ ಮೇಲೆ ಸುಮಾರು ನಾಲ್ಕು ವಾರಗಳಲ್ಲಿ ಪವರ್ ಬಹುಮಟ್ಟಿಗೆ ಸ್ಥಿರವಾಗುತ್ತದೆ; ದೊಡ್ಡ ಸೀಳಿಗೆ ಆರು ವಾರ ಅಥವಾ ಇನ್ನೂ ಹೆಚ್ಚು ಬೇಕಾಗಬಹುದು. ಎರಡು ಭೇಟಿಗಳಲ್ಲಿ ಒಂದೇ ಅಂಕಿ ಬಂದ ಮೇಲೆಯೇ ಕನ್ನಡಕ ಮಾಡಿಸಿ.