‘ದ ಹೌಸ್ ಆಫ್ ದ ಡೆವಿಲ್’: ಮೊದಲ ಒಂದು ಗಂಟೆ ನಿಜವಾಗಲೂ ಏನೂ ಆಗಲ್ವಾ?

ಕೊನೇ ಬೆಂಚು:
ನಿನ್ನೆ ರಾತ್ರಿ ಈ ಸಿನಿಮಾ ನೋಡಿದೆ. ಟೈ ವೆಸ್ಟ್ ನಿರ್ದೇಶನ, 2009ರದ್ದು. ನೋಡದೆ ಇರುವವರು ಇಲ್ಲಿಗೇ ನಿಲ್ಲಿಸಿ, ಕತೆಯೆಲ್ಲ ಹೊರಗೆ ಬರುತ್ತದೆ.

80ರ ದಶಕದ ಅಮೆರಿಕ. ಸಮಂತಾ ಅನ್ನುವ ಕಾಲೇಜು ಹುಡುಗಿಗೆ ಹಾಸ್ಟೆಲ್ ಬಿಟ್ಟು ಬಾಡಿಗೆ ಮನೆ ಹಿಡಿಯಬೇಕು, ಕೈಯಲ್ಲಿ ದುಡ್ಡಿಲ್ಲ. ಒಂದು ರಾತ್ರಿ ಮಗು ನೋಡಿಕೊಳ್ಳುವ ಕೆಲಸ ಸಿಗುತ್ತದೆ. ಊರಾಚೆ ಸ್ಮಶಾನದ ಹತ್ತಿರ ದೊಡ್ಡ ಮನೆ. ಹೋಗಿ ನೋಡಿದರೆ ಮಗುವೇ ಇಲ್ಲ. ನೋಡಿಕೊಳ್ಳಬೇಕಾಗಿರುವುದು ಮನೆಯೊಡತಿಯ ತಾಯಿಯನ್ನಂತೆ. ಮಾತು 400 ಡಾಲರ್‌ಗೆ ನಿಲ್ಲುತ್ತದೆ, ಹುಡುಗಿ ಒಪ್ಪುತ್ತಾಳೆ.

ಆಮೇಲೆ? ದೀಪ ಹಾಕುತ್ತಾಳೆ, ಟಿವಿ ನೋಡುತ್ತಾಳೆ, ಪಿಜ್ಜಾ ತರಿಸುತ್ತಾಳೆ. ಒಂದೂವರೆ ಗಂಟೆಯ ಸಿನಿಮಾದಲ್ಲಿ ಭಯ ಬರುವುದು ಕೊನೆಯ ಇಪ್ಪತ್ತು ನಿಮಿಷ. ಎಲ್ಲರೂ ಹೊಗಳಿದ್ದಾರೆ ಅಂತ ಆಸೆ ಇಟ್ಟುಕೊಂಡು ಕೂತಿದ್ದೆ. ನಿಮಗೆ ಯಾರಿಗಾದರೂ ನಿಜವಾಗಿ ಭಯ ಆಯ್ತಾ?

ರೀಲು ಪ್ರೇಮಿ:
ನನಗೆ ಆಯ್ತು. ಅದೂ ಆ ‘ಏನೂ ಆಗದ’ ಹೊತ್ತಿನಲ್ಲೇ.

ಕಾರಿನ ದೃಶ್ಯ ನೆನಪು ಮಾಡಿಕೊಳ್ಳಿ. ಗೆಳತಿ ಮೇಗನ್ ಸಮಂತಾಳನ್ನು ಆ ಮನೆಗೆ ಬಿಟ್ಟು, ಮುನಿಸಿಕೊಂಡೇ ವಾಪಸ್ ಹೊರಡುತ್ತಾಳೆ. ದಾರಿಯಲ್ಲಿ ಕಾರು ನಿಲ್ಲಿಸಿ ಸಿಗರೇಟು ಬಾಯಿಗಿಡುತ್ತಾಳೆ. ಬೆಂಕಿ ಸಿಗುತ್ತಿಲ್ಲ. ಆಗ ಕಿಟಕಿಯಿಂದ ಒಂದು ಕೈ ಲೈಟರ್ ಹಿಡಿದು ಒಳಗೆ ಬರುತ್ತದೆ. ಬೆಚ್ಚಿಬಿದ್ದರೂ ಸಿಗರೇಟು ಹಚ್ಚಿಸಿಕೊಳ್ಳುತ್ತಾಳೆ. ಮಗು ನೋಡಿಕೊಳ್ಳುವವಳು ನೀನಲ್ವಾ ಅಂತ ಲೈಟರ್ ಹಿಡಿದ ಆ ಅಪರಿಚಿತ ಕೇಳುತ್ತಾನೆ. ಅಲ್ಲ ಅನ್ನುತ್ತಾಳೆ. ಗುಂಡು ಹಾರುತ್ತದೆ, ಅಷ್ಟೇ.

ಇದು ಆಗುವುದು ಸಿನಿಮಾ ಅರ್ಧ ತಲುಪುವ ಮುಂಚೆ. ಅಲ್ಲಿಂದ ಮುಂದೆ ಕರೆದುಕೊಂಡು ಹೋಗಲು ಯಾರೂ ಬರಲ್ಲ ಅಂತ ನಮಗೆ ಗೊತ್ತು, ಸಮಂತಾಗೆ ಗೊತ್ತಿಲ್ಲ. ಅವಳು ಕಿವಿಗೆ ವಾಕ್‌ಮನ್ ಸಿಕ್ಕಿಸಿಕೊಂಡು ಮನೆ ತುಂಬ ಕುಣಿಯುತ್ತಾಳಲ್ಲ, ಆಗ ನನಗೆ ಕುರ್ಚಿಯಲ್ಲಿ ಕೂರಲು ಆಗಲಿಲ್ಲ. ಅವಳ ಕಿವಿ ಮುಚ್ಚಿದೆ. ಮನೆಯಲ್ಲಿ ಏನು ಸದ್ದಾದರೂ ಅವಳಿಗೆ ಕೇಳಲ್ಲ. ನೀವು ಅದನ್ನು ಸುಮ್ನೆ ಡ್ಯಾನ್ಸ್ ಅಂತ ನೋಡಿದಿರಾ?

ಕೊನೇ ಬೆಂಚು:
ನಿಜ ಹೇಳಬೇಕು ಅಂದರೆ ಹೌದು. ಗುಂಡು ಹಾರಿದಾಗ ಬೆಚ್ಚಿಬಿದ್ದೆ. ಆಮೇಲೆ ಮತ್ತೆ ಏನೂ ಆಗಲಿಲ್ಲ ಅಂತ ಆ ಭಯ ಇಳಿದುಹೋಯಿತು. ಭಯ ಹಿಡಿದಿಡುವುದು ನಿರ್ದೇಶಕನ ಕೆಲಸ ತಾನೆ?

ಹಳೇ ಕ್ಯಾಸೆಟ್:
ನಾನು ನೋಡಿದ್ದು ನನ್ನ ಮಗನ ಜೊತೆ. ಅವನಿಗೆ ಬೇಜಾರಾಯಿತು, ನನಗೆ ಆಗಲಿಲ್ಲ. ವಯಸ್ಸಿನ ವ್ಯತ್ಯಾಸವೂ ಇರಬಹುದು.

80ರ ದಶಕದ ಕೊನೆಯಲ್ಲಿ ನಮ್ಮೂರಲ್ಲಿ ವಿಸಿಪಿ, ಅಂದರೆ ಕ್ಯಾಸೆಟ್ ಹಾಕಿ ಟಿವಿಯಲ್ಲಿ ಸಿನಿಮಾ ನೋಡುವ ಯಂತ್ರ, ಬಾಡಿಗೆಗೆ ಸಿಗುತ್ತಿತ್ತು. ಶನಿವಾರ ಸಂಜೆ ತಂದರೆ ಭಾನುವಾರ ಬೆಳಿಗ್ಗೆ ವಾಪಸ್ ಕೊಡಬೇಕು. ಒಂದೇ ರಾತ್ರಿ ಮೂರು ಸಿನಿಮಾ. ಅಕ್ಕಪಕ್ಕದ ಮನೆಯವರೂ ಬಂದು ಚಾಪೆ ಮೇಲೆ ಕೂರುತ್ತಿದ್ದರು. ಕ್ಯಾಸೆಟ್ ಸವೆದಿದ್ದರೆ ಪರದೆ ಮೇಲೆ ಗೆರೆ ಓಡುತ್ತಿತ್ತು, ಮುಖವೇ ಸರಿಯಾಗಿ ಕಾಣುತ್ತಿರಲಿಲ್ಲ. ಭಯದ ಸಿನಿಮಾದಲ್ಲಿ ಆ ಕಾಣದೆ ಇರುವುದೇ ಹೆದರಿಸುತ್ತಿತ್ತು. ಈ ಸಿನಿಮಾ ಶುರುವಾಗಿ, ಓಡುವ ಚಿತ್ರ ನಿಂತು ಹಳದಿ ದಪ್ಪ ಅಕ್ಷರದಲ್ಲಿ ಹೆಸರು ಬಂದ ಕೂಡಲೇ ನಾನು ಆ ಚಾಪೆ ಮೇಲೆ ಕೂತಿದ್ದೆ. ಇದನ್ನು ಡಿವಿಡಿ ಜೊತೆಗೆ ವಿಎಚ್‌ಎಸ್ ಕ್ಯಾಸೆಟ್‌ನಲ್ಲೂ ಬಿಟ್ಟಿದ್ದರು, ಆ ಕಾಲದ ದೊಡ್ಡ ಪ್ಲಾಸ್ಟಿಕ್ ಡಬ್ಬದಲ್ಲಿ.

ಇನ್ನೊಂದು ಮಾತು. ಕತೆ ನಡೆಯುವುದು ಚಂದ್ರಗ್ರಹಣದ ರಾತ್ರಿ. ನಮ್ಮಮ್ಮ ಗ್ರಹಣ ಅಂದರೆ ಉಪ್ಪಿನಕಾಯಿ ಜಾಡಿಗೂ ದರ್ಭೆ ಹಾಕುತ್ತಿದ್ದರು. ಬಸುರಿಯರನ್ನು ಅಂಗಳಕ್ಕೂ ಬಿಡುತ್ತಿರಲಿಲ್ಲ. ಇಲ್ಲಿ ನೋಡಿದರೆ ಗ್ರಹಣದ ರಾತ್ರಿ ಗುರುತಿಲ್ಲದವರ ಮನೆಯಲ್ಲಿ ಹುಡುಗಿ ಒಬ್ಬಳೇ ಕೂತು ಪಿಜ್ಜಾ ತಿನ್ನುತ್ತಾಳೆ. ಕೊನೆಯಲ್ಲಿ ಆಸ್ಪತ್ರೆಯ ಹಾಸಿಗೆಯಲ್ಲಿ ನರ್ಸ್ ಅವಳ ಹೊಟ್ಟೆ ಸವರುತ್ತಾಳಲ್ಲ, ಆಗ ನನಗೆ ಅಮ್ಮನೇ ನೆನಪಾದಳು. ಅಮೆರಿಕದವರಿಗೆ ಹಾಗೆ ತಟ್ಟುತ್ತೋ ಇಲ್ಲವೋ, ನನಗಂತೂ ಮೈ ಜುಮ್ ಅಂದಿತು.

ಕತ್ತರಿ ಕೆಲಸ:
ಗ್ರಹಣದ ಮಾತು ಚೆನ್ನಾಗಿದೆ ಸರ್, ನನಗೆ ಹೊಳೆದಿರಲಿಲ್ಲ.

ನಾನು ಸೀರಿಯಲ್ ಎಡಿಟಿಂಗ್ ಮಾಡುವವನು, ನೋಡಿದ್ದನ್ನು ಹೇಳುತ್ತೇನೆ. ಇವರು ಹಳೇ ಕಾಲದ ಬಟ್ಟೆ ತೊಡಿಸಿ ಕೈತೊಳೆದುಕೊಂಡಿಲ್ಲ. 16 ಎಂಎಂ ಫಿಲ್ಮಿನಲ್ಲಿ ಶೂಟ್ ಮಾಡಿದ್ದಾರೆ. ಅದರ ಒಂದು ಫ್ರೇಮು ಮಾಮೂಲಿ ಸಿನಿಮಾದ 35 ಎಂಎಂ ಫ್ರೇಮಿನ ಸುಮಾರು ಕಾಲು ಭಾಗ. ಹಿಗ್ಗಿಸಿದಾಗ ಚಿತ್ರ ಕಾಳುಕಾಳಾಗಿ ಕಾಣುತ್ತದೆ. ಆ ಕಾಳು ಒಂದೊಂದು ಫ್ರೇಮಿನಲ್ಲೂ ಬೇರೆ ಬೇರೆ ಕಡೆ ಇರುತ್ತದೆ. ಹಾಗಾಗಿ ಕತ್ತಲೆಯ ಮೂಲೆ ಸುಮ್ಮನಿರಲ್ಲ, ಒಳಗೆ ಏನೋ ಮಿಸುಕಿದ ಹಾಗಿರುತ್ತದೆ. ಮೆಟ್ಟಿಲ ಮೇಲಿನ ಕತ್ತಲನ್ನು ಅವಳು ದಿಟ್ಟಿಸುವಾಗ ನಾವೂ ಕಣ್ಣು ಕಿರಿದು ಮಾಡುತ್ತೇವೆ. ಡಿಜಿಟಲ್‌ನಲ್ಲಾದರೆ ಅದು ಬರೀ ಕಪ್ಪು.

ಮತ್ತೆ ಝೂಮ್. ಈಗ ಕ್ಯಾಮೆರಾವನ್ನೇ ಹತ್ತಿರ ಒಯ್ಯುತ್ತಾರೆ, ನಾವೇ ನಡೆದುಹೋದ ಹಾಗಿರುತ್ತದೆ. ಇಲ್ಲಿ ಕ್ಯಾಮೆರಾ ನಿಂತಲ್ಲೇ ನಿಂತು ಲೆನ್ಸ್ ಮಾತ್ರ ಎಳೆಯುತ್ತದೆ. ದೂರದಲ್ಲಿ ಯಾರೋ ನಿಂತು ಅವಳನ್ನೇ ನೋಡುತ್ತಿದ್ದಾರೆ ಅನಿಸುತ್ತದೆ.

ಇಷ್ಟೆಲ್ಲ ಮೆಚ್ಚಿಕೊಂಡೂ ನನ್ನ ತಕರಾರು ಕೊನೆಯ ಬಗ್ಗೆ. ಪಿಜ್ಜಾ ತಿಂದು ಅವಳು ಎಚ್ಚರ ತಪ್ಪಿದ ಮೇಲೆ ಬೇರೆಯದೇ ಸಿನಿಮಾ ಶುರುವಾಗುತ್ತದೆ. ಸೈತಾನನ ಪೂಜೆಗೆ ಅವಳನ್ನು ಕಟ್ಟಿಹಾಕುವುದು, ರಕ್ತ, ಆ ವಿಕಾರ ಮುಖ, ಓಟ. ಒಂದು ಗಂಟೆ ಏನನ್ನೂ ತೋರಿಸದೆ ಬೆಳೆಸಿದ್ದನ್ನು ಐದೇ ನಿಮಿಷದಲ್ಲಿ ಎಲ್ಲ ತೋರಿಸಿ ಸಣ್ಣದು ಮಾಡಿಬಿಟ್ಟರು.

ಓಹಾಯೊ ಕನ್ನಡತಿ:
ನನಗೆ ಸಿನಿಮಾ ಇಷ್ಟ ಆಯಿತು. ಆದರೆ ಒಂದು ವಿಷಯಕ್ಕೆ ಬೇಸರ ಇದೆ, ಅದನ್ನು ಯಾರೂ ಎತ್ತಲಿಲ್ಲ.

ಶುರುವಿನಲ್ಲಿ ಒಂದು ಬರಹ ಬರುತ್ತದೆ. 80ರ ದಶಕದಲ್ಲಿ ಬಹಳಷ್ಟು ಅಮೆರಿಕನ್ನರು ಸೈತಾನನ ಪೂಜೆ ಮಾಡುವ ಗುಂಪುಗಳಿವೆ ಅಂತ ನಂಬಿದ್ದರು, ಇದು ನಡೆದ ಘಟನೆ ಆಧರಿಸಿದ್ದು ಅಂತ. ನಂಬಿದ್ದು ನಿಜ. ಆ ನಂಬಿಕೆಯಿಂದ ಏನಾಯಿತು ಗೊತ್ತಾ? ಕ್ಯಾಲಿಫೋರ್ನಿಯಾದ ಮ್ಯಾಕ್‌ಮಾರ್ಟಿನ್ ಶಿಶುವಿಹಾರದ ಮೇಲೆ 1983ರಲ್ಲಿ ಆರೋಪ ಬಂತು. ಸುರಂಗದಲ್ಲಿ ಸೈತಾನ ಪೂಜೆ ಅಂತೆಲ್ಲ ಹಬ್ಬಿತು. 1990ರಲ್ಲಿ ಕೇಸು ಮುಗಿದಾಗ ಒಬ್ಬರ ಮೇಲೂ ಅಪರಾಧ ಸಾಬೀತಾಗಿರಲಿಲ್ಲ. ಅಷ್ಟರಲ್ಲಿ ಒಬ್ಬ ಶಿಕ್ಷಕ ವರ್ಷಗಟ್ಟಲೆ ಜೈಲಲ್ಲಿದ್ದ. ಬೇರೆ ಊರುಗಳಲ್ಲೂ ಇಂಥ ಕೇಸುಗಳಲ್ಲಿ ಜನ ಜೈಲು ಸೇರಿದರು. ಮಕ್ಕಳನ್ನು ನೋಡಿಕೊಳ್ಳುವವರ ಮೇಲೆ ಹುಟ್ಟಿದ ಸುಳ್ಳು ಭಯ ಅದು. ಅದನ್ನೇ ‘ನಿಜ ಘಟನೆ’ ಅಂದಾಗ ನನಗೆ ಚುಚ್ಚಿತು.

ರೀಲು ಪ್ರೇಮಿ:
ಇದು ತೂಕದ ಮಾತು. ಆ ಬರಹ ಇಲ್ಲದಿದ್ದರೂ ಸಿನಿಮಾಗೆ ಏನೂ ಕಡಿಮೆ ಆಗುತ್ತಿರಲಿಲ್ಲ, ಒಪ್ಪುತ್ತೇನೆ.

ಆದರೆ ಕತೆಯ ಒಳಗಿನ ಭಯ ಮನೆ ಬಾಡಿಗೆಯದು ಅನಿಸುತ್ತದೆ ನನಗೆ. ಮೊದಲ ತಿಂಗಳ 300 ಡಾಲರ್ ಹೊಂದಿಸಬೇಕು. ಮಗು ಇಲ್ಲ ಅಂದ ಕೂಡಲೇ ಹೊರಟುಬಿಡಬೇಕು ಅಂತ ಅವಳಿಗೂ ಗೊತ್ತು. ಮೇಗನ್ ಹೇಳುತ್ತಾಳೆ ಕೂಡ. ಅವಳನ್ನು ಕೆಲಸಕ್ಕೆ ಕರೆದ ಆ ಎತ್ತರದ ಮನುಷ್ಯ (ನಟ ಟಾಮ್ ನೂನನ್) ಒಂದು ಸಲವೂ ದನಿ ಎತ್ತಲ್ಲ. ಕ್ಷಮೆ ಕೇಳುತ್ತಾ ಕೇಳುತ್ತಾ ದುಡ್ಡು ಜಾಸ್ತಿ ಮಾಡುತ್ತಾನೆ. ದುಡ್ಡಿನ ಅಡಚಣೆ ಇರುವವರು ಆ ಜಾಗದಿಂದ ಎದ್ದು ಬರುವುದು ಕಷ್ಟ.

ಓಹಾಯೊ ಕನ್ನಡತಿ:
ಅದು ಸರಿ. ಆ ಮಾತುಕತೆಯೇ ನನಗೂ ಇಡೀ ಸಿನಿಮಾದಲ್ಲಿ ಇಷ್ಟವಾದದ್ದು. ಬರಹದ ಬಗ್ಗೆ ಮಾತ್ರ ನನ್ನ ಮನಸ್ಸು ಬದಲಾಗಿಲ್ಲ.

ಕೊನೇ ಬೆಂಚು:
ಎರಡು ದಿನ ಬಿಟ್ಟು ಮತ್ತೆ ನೋಡಿದೆ. ದೀಪ ಆರಿಸಿ, ಮೊಬೈಲನ್ನು ಬೇರೆ ರೂಮಲ್ಲಿಟ್ಟು. ಮೊದಲ ಸಲ ಕೈಯಲ್ಲೇ ಇತ್ತು. ಆ ಫೋಟೊ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ! ಹೂದಾನಿ ಒಡೆದಮೇಲೆ ಅವಳಿಗೆ ಸಿಗುವ ಫೋಟೊ. ಈ ದಂಪತಿಯ ಕಾರಿನ ಪಕ್ಕದಲ್ಲಿ ಬೇರೆಯದೇ ಕುಟುಂಬ ನಿಂತಿದೆ. ಅಂದರೆ ಇದು ಇವರ ಮನೆಯೇ ಅಲ್ಲ. ಈ ಸಲ ಅಲ್ಲಿ ಕೈ ತಣ್ಣಗಾಯಿತು.

ಕತ್ತರಿ ಕೆಲಸ:
ಅಲ್ಲೇ ನನ್ನ ಇನ್ನೊಂದು ಜಗಳ. ಫೋಟೊ ಸಾಕಿತ್ತು. ಅವಳು ತೆರೆಯದ ಬಾಗಿಲಿನ ಆಚೆ ಕ್ಯಾಮೆರಾ ಹೋಗಿ ಆ ಕುಟುಂಬದ ಹೆಣಗಳನ್ನು ತೋರಿಸುವುದು ಬೇಕಿರಲಿಲ್ಲ.

ರೀಲು ಪ್ರೇಮಿ:
ಬೇಕಿತ್ತು. ಫೋಟೊ ಅವಳಿಗೆ, ಬಾಗಿಲ ಆಚೆಯದು ನಮಗೆ. ಅವಳು ಬಾಗಿಲ ಮುಂದೆ ನಿಂತು ವಾಪಸ್ ತಿರುಗಿದಾಗ ನಾನು ಉಸಿರು ಬಿಟ್ಟೆ.

ಕೊನೇ ಬೆಂಚು:
ಇಷ್ಟಾದರೂ ಮೊದಲ ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ತೆಗೆಯಬಹುದಿತ್ತು ಅಂತಲೇ ನನ್ನ ಅಭಿಪ್ರಾಯ.

ಕತ್ತರಿ ಕೆಲಸ:
ಯಾವ ಹತ್ತು ನಿಮಿಷ? ಹೇಳಿ ನೋಡೋಣ.

ಕೊನೇ ಬೆಂಚು:
ಗೆಳತಿಯರಿಬ್ಬರೂ ಪಿಜ್ಜಾ ಅಂಗಡಿಯಲ್ಲಿ ಕೂತು ಹರಟುವುದು.

ರೀಲು ಪ್ರೇಮಿ:
ಅದೊಂದನ್ನು ಮುಟ್ಟಬೇಡಿ. ಮೇಗನ್ ಜೊತೆ ನಾವು ನೆಮ್ಮದಿಯಾಗಿ ಕೂರುವುದು ಅಲ್ಲಿ ಮಾತ್ರ. ಅದನ್ನು ಕತ್ತರಿಸಿದರೆ ಕಾರಿನಲ್ಲಿ ಸಾಯುವುದು ಯಾರೋ ಗುರುತಿಲ್ಲದ ಹುಡುಗಿ.