ಕೆಲಸದ ಅನುಭವವನ್ನು ತರಗತಿಯ ಚರ್ಚೆಗೆ ತರುವುದು ಹೇಗೆ?

ಪ್ರಶ್ನೆ: ವಾಣಿಜ್ಯ ಉಪನ್ಯಾಸಕಿ, ಶಿರಸಿ

ಎಲ್ಲರಿಗೂ ನಮಸ್ಕಾರ. ಕಾಲೇಜಿಗೆ ಬರುವ ಮೊದಲು ನಾನು ಅಡಿಕೆ ವಹಿವಾಟಿನ ಸಹಕಾರಿ ಸಂಘವೊಂದರ ಲೆಕ್ಕಪತ್ರ ವಿಭಾಗದಲ್ಲಿ ಹಲವು ವರ್ಷ ಕೆಲಸ ಮಾಡಿದ್ದೇನೆ. ಬೆಳೆಗಾರರ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂಬ ಬಗೆಬಗೆಯ ಅಡಿಕೆ ಸಂಘದ ಅಂಗಳಕ್ಕೆ ಬರುವುದು, ವ್ಯಾಪಾರಿಗಳು ಮಾಲನ್ನು ಕೈಗೆತ್ತಿಕೊಂಡು ನೋಡಿ ಟೆಂಡರ್ ಬರೆಯುವುದು, ದರ ಒಪ್ಪಿಗೆಯಾಗದವರು ಮಾಲನ್ನು ದಾಸ್ತಾನಿನಲ್ಲೇ ಬಿಟ್ಟು ಅದರ ಮೇಲೆ ಮುಂಗಡ ಪಡೆಯುವುದು, ಇವೆಲ್ಲವೂ ಮಾರ್ಚ್ ಕೊನೆಯಲ್ಲಿ ಲೆಕ್ಕದ ಪುಸ್ತಕದಲ್ಲಿ ಹೊಂದಿಕೊಳ್ಳಬೇಕಾಗಿರುವುದು ನನಗೆ ಚೆನ್ನಾಗಿ ಗೊತ್ತು. ಈಗ ಬಿ.ಕಾಂ. ವಿದ್ಯಾರ್ಥಿಗಳಿಗೆ ಪಾಠ ಮಾಡುವಾಗ ಈ ಸಂಗತಿಗಳನ್ನು ಹೇಳಿದರೆ ಅವರು ಆಸಕ್ತಿಯಿಂದ ಕೇಳುತ್ತಾರೆ. ಆದರೆ "ಇಂಥ ಸಂದರ್ಭದಲ್ಲಿ ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?" ಎಂದು ಕೇಳಿದ ಕೂಡಲೇ ತರಗತಿ ಮೌನವಾಗುತ್ತದೆ. ಉತ್ತರ ಕೊಡುವವರು ಪ್ರತಿಸಲವೂ ಅದೇ ಎರಡು ಮೂರು ಮಂದಿ, ಹೆಚ್ಚಾಗಿ ತೋಟವಿರುವ ಮನೆಯ ಮಕ್ಕಳು. ಅಡಿಕೆ ಸುಲಿಯಲು ಹೋಗುವವರ ಮಕ್ಕಳಿಗೆ ಈ ವಿಷಯದಲ್ಲಿ ತಿಳಿದಿರುವುದು ಕಡಿಮೆಯೇನಲ್ಲ, ಆದರೂ ಅವರು ಬಾಯಿ ತೆರೆಯುವುದಿಲ್ಲ. ಅನುಭವವನ್ನು ಕಥೆಯಾಗಿಸದೆ ಎಲ್ಲರೂ ಪಾಲ್ಗೊಳ್ಳುವ ಚರ್ಚೆಯಾಗಿಸಲು ತಾವು ಯಾವ ಕ್ರಮ ಅನುಸರಿಸುತ್ತೀರಿ?

ಉತ್ತರ 1: ಪಾಲಿಟೆಕ್ನಿಕ್ ಉಪನ್ಯಾಸಕ, ಕಾರವಾರ

ಮೇಡಂ, ನಾನು ಬೋಧನೆಗೆ ಬರುವ ಮೊದಲು ಬೈತಖೋಲ ಬಂದರಿನ ಬೋಟುಗಳ ಎಂಜಿನ್ ರಿಪೇರಿ ಮಾಡುತ್ತಿದ್ದವನು. ನನ್ನ ಅಭಿಪ್ರಾಯದಲ್ಲಿ ತೊಂದರೆ ಇರುವುದು ಘಟನೆಯನ್ನು ಕೊನೆಯವರೆಗೂ ಹೇಳಿಬಿಡುವುದರಲ್ಲಿ. ಏನಾಯಿತೆಂದು ನಾವೇ ಹೇಳಿದ ಮೇಲೆ ವಿದ್ಯಾರ್ಥಿಗೆ ಯೋಚಿಸಲು ಏನೂ ಉಳಿಯುವುದಿಲ್ಲ. ಆಮೇಲೆ ಪ್ರಶ್ನೆ ಕೇಳಿದರೆ, ಮೇಷ್ಟ್ರ ಮನಸ್ಸಿನಲ್ಲಿರುವ ಉತ್ತರ ಯಾವುದಿರಬಹುದೆಂದು ಊಹಿಸಲು ಅವರು ಹೆದರುತ್ತಾರೆ.

ನಾನು ಮಾಡುವುದನ್ನು ಒಂದು ಉದಾಹರಣೆಯಿಂದ ತಿಳಿಸುತ್ತೇನೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಎಂಜಿನ್ ಬಿಚ್ಚಿ ಸರಿಮಾಡಿಸಿಕೊಂಡ ಬೋಟೊಂದು ಆಗಸ್ಟ್ ಮೊದಲ ವಾರ ಕಡಲಿಗಿಳಿಯುತ್ತದೆ, ಎಂಜಿನ್ ವಿಪರೀತ ಬಿಸಿಯಾಗುತ್ತದೆ. ಸಮುದ್ರದ ನೀರನ್ನು ಎಳೆಯುವ ಪಂಪಿನ ರಬ್ಬರ್ ಇಂಪೆಲ್ಲರ್ (ನೀರು ತಳ್ಳುವ ಎಸಳಿನ ಚಕ್ರ) ಹರಿದಿರುವುದು ಕಂಡುಬರುತ್ತದೆ, ಹೊಸದನ್ನು ಹಾಕುತ್ತಾರೆ, ಆದರೂ ಬಿಸಿ ಇಳಿಯುವುದಿಲ್ಲ. ಇಷ್ಟಕ್ಕೇ ನಿಲ್ಲಿಸಿ, ಎಸಳುಗಳು ಕಿತ್ತುಹೋಗಿರುವ ಹಳೆಯ ಇಂಪೆಲ್ಲರನ್ನು ಒಂದು ಬೆಂಚಿನಿಂದ ಇನ್ನೊಂದು ಬೆಂಚಿಗೆ ದಾಟಿಸುತ್ತೇನೆ. ಪ್ರತಿ ಗುಂಪೂ ನನ್ನಿಂದ ಒಂದೇ ಒಂದು ಮಾಹಿತಿ ಕೇಳಬಹುದು, ಅದು ಏಕೆ ಬೇಕೆಂಬ ಕಾರಣವನ್ನು ಮಾತ್ರ ಮೊದಲೇ ಹೇಳಬೇಕು. ಹೊರಬೀಳುವ ನೀರಿನ ಪ್ರಮಾಣ ಎಷ್ಟೆಂದು ಒಬ್ಬರು, ಥರ್ಮೋಸ್ಟಾಟ್ ತೆರೆದುಕೊಳ್ಳುತ್ತಿದೆಯೇ ಎಂದು ಇನ್ನೊಬ್ಬರು ಕೇಳುತ್ತಾರೆ. ಕೈಯಲ್ಲಿರುವ ಇಂಪೆಲ್ಲರಿನ ಎಸಳುಗಳನ್ನು ಎಣಿಸಿ, "ಕಾಣೆಯಾದ ತುಂಡುಗಳು ಎಲ್ಲಿ ಹೋದವು ಸರ್?" ಎಂದು ಯಾರಾದರೂ ಕೇಳಿದಾಗ ಪಾಠ ನಿಜವಾಗಿ ಆರಂಭವಾಗುತ್ತದೆ. ಆ ತುಂಡುಗಳು ನೀರಿನೊಂದಿಗೆ ಮುಂದೆ ಸಾಗಿ, ಎಂಜಿನ್ನಿನ ಬಿಸಿಯನ್ನು ಸಮುದ್ರದ ನೀರಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರಿನ ಸಣ್ಣ ಕೊಳವೆಗಳಲ್ಲಿ ಸಿಕ್ಕಿಕೊಂಡಿರುತ್ತವೆ. ಅವುಗಳನ್ನು ಹುಡುಕಿ ತೆಗೆಯದೆ ಹೊಸ ಇಂಪೆಲ್ಲರ್ ಹಾಕಿ ಪ್ರಯೋಜನವಿಲ್ಲ. ಶಾಖ ವರ್ಗಾವಣೆಯ ಸೂತ್ರವನ್ನು ನಾನು ಬೋರ್ಡಿನ ಮೇಲೆ ಬರೆಯುವುದು ಇದಾದ ನಂತರವೇ.

ಮಾತನಾಡದ ವಿದ್ಯಾರ್ಥಿಗಳ ವಿಷಯದಲ್ಲಿ ಒಂದು ಸಣ್ಣ ಕ್ರಮ ಫಲ ಕೊಟ್ಟಿದೆ. ಚರ್ಚೆಗೆ ಮೊದಲು ಎಲ್ಲರೂ ಐದು ನಿಮಿಷ ಮೌನವಾಗಿ ತಮ್ಮ ತೀರ್ಮಾನವನ್ನು ಚೀಟಿಯಲ್ಲಿ ಬರೆಯುತ್ತಾರೆ, ಹೆಸರು ಬೇಡ. ಚೀಟಿಗಳನ್ನು ನಾನೇ ಓದುತ್ತೇನೆ. ತಾನು ಬರೆದದ್ದನ್ನು ಇತರರು ಗಂಭೀರವಾಗಿ ಚರ್ಚಿಸುವುದನ್ನು ಕಂಡವನು ಮುಂದಿನ ತರಗತಿಯಲ್ಲಿ ಕೈ ಎತ್ತುತ್ತಾನೆ.

ಉತ್ತರ 2: ಪ್ರೌಢಶಾಲಾ ಶಿಕ್ಷಕಿ, ಕುಮಟಾ

ಕಾರವಾರದ ಸರ್ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಇಲ್ಲಿಯವರೆಗಿನ ಮಾತೆಲ್ಲ ಶಿಕ್ಷಕರ ಅನುಭವದ ಸುತ್ತಲೇ ಇದೆ. ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕೆಂಬುದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮೊದಲ ಮಾರ್ಗದರ್ಶಿ ತತ್ವ; ದುಡಿಮೆಯ ಮೂಲಕ ಕಲಿಕೆ ಎಂಬ ವಿಚಾರವನ್ನು ಗಾಂಧೀಜಿಯವರು 1937ರಲ್ಲಿ ವಾರ್ಧಾದಲ್ಲಿಯೇ ಮುಂದಿಟ್ಟಿದ್ದರು. ಆ ಬದುಕು ನಮ್ಮದಕ್ಕಿಂತ ಹೆಚ್ಚಾಗಿ ಮಕ್ಕಳದ್ದು.

ನಮ್ಮ ಶಾಲೆಗೆ ಅಘನಾಶಿನಿ ಅಳಿವೆಯ ಊರುಗಳಿಂದ ಮಕ್ಕಳು ಬರುತ್ತಾರೆ. ಗಜನಿಯಲ್ಲಿ, ಅಂದರೆ ಅಳಿವೆಯಂಚಿನ ತಗ್ಗು ಗದ್ದೆಯಲ್ಲಿ, ಉಪ್ಪುನೀರು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆದವರು, ಸಿಗಡಿ ಕೃಷಿಗೆ ಗದ್ದೆ ಕೊಟ್ಟವರು, ಇಳಿತದ ಹೊತ್ತಿನಲ್ಲಿ ಬಳಚು ಎಂಬ ಚಿಪ್ಪುಜೀವಿಯನ್ನು ಆರಿಸುವವರು, ಮೂರೂ ಬಗೆಯ ಮನೆಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಗಜನಿಯ ಬಾಗಿಲು ತೆರೆದು ಉಪ್ಪುನೀರನ್ನು ಯಾವಾಗ ಒಳಗೆ ಬಿಡಬೇಕು ಎಂಬ ಒಂದೇ ಪ್ರಶ್ನೆಗೆ ಆ ಮೂರು ಮನೆಗಳ ಉತ್ತರ ಒಂದೇ ಆಗಿರುವುದಿಲ್ಲ. ಬಳಚು ಆರಿಸುವ ತಾಯಿಯೊಬ್ಬರನ್ನು ಶಾಲೆಗೆ ಕರೆಸಿದಾಗ, ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ನೀರು ಎಲ್ಲಿಯವರೆಗೆ ಇಳಿಯುತ್ತದೆ ಎಂಬುದನ್ನು ಅವರು ವಿವರಿಸಿದ ಸ್ಪಷ್ಟತೆ ನಮ್ಮ ಪಠ್ಯದ ಉಬ್ಬರವಿಳಿತದ ಪಾಠದಲ್ಲಿ ಇಲ್ಲ. ಅವರನ್ನು ಅತಿಥಿಯ ಕುರ್ಚಿಯಲ್ಲಿ ಕೂರಿಸಿ ಎಲ್ಲ ಮಕ್ಕಳೂ ಪ್ರಶ್ನೆ ಕೇಳಿದ ಬಳಿಕ ಅವರ ಮಗಳ ಮಾತಿಗೂ ತರಗತಿಯಲ್ಲಿ ತೂಕ ಬಂತು.

ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಮಗುವಿನ ಮನೆಯ ಸಾಲ, ಕೂಲಿ, ಜಾತಿ ತರಗತಿಯ ಮುಂದೆ ಬಿಚ್ಚಿಕೊಳ್ಳುವಂಥ ಪ್ರಶ್ನೆಯನ್ನು ಎಂದೂ ಕೇಳಬಾರದು. "ನಿಮ್ಮ ಮನೆಯಲ್ಲಿ" ಎನ್ನುವ ಬದಲು "ಇಂಥ ಒಂದು ಮನೆಯಲ್ಲಿ" ಎಂದರೆ ಸಾಕು. ಇನ್ನೊಂದು, ಮಾತಿನ ವಿಷಯ. ಹವ್ಯಕ ಕನ್ನಡವೋ, ಕೊಂಕಣಿಯೋ, ಹಾಲಕ್ಕಿಗಳ ಮಾತೋ, ಮಗು ತನಗೆ ಬಂದಂತೆ ಮೊದಲು ಹೇಳಲಿ. ಪಠ್ಯದ ಕನ್ನಡದಲ್ಲಿ ಬರೆಯುವ ಕೆಲಸವನ್ನು ಚರ್ಚೆ ಮುಗಿದ ಮೇಲೆ ಮಾಡಿಸಬಹುದು.

ಉತ್ತರ 3: ಬ್ಯಾಂಕ್ ಉದ್ಯೋಗಿ, ಹೊನ್ನಾವರ

ವಿದ್ಯಾರ್ಥಿಯಾಗಿದ್ದವನ ಮಾತಾಗಿ ಇದನ್ನು ಸ್ವೀಕರಿಸಬೇಕಾಗಿ ವಿನಂತಿ. ಚರ್ಚೆ ನಮಗೆ ಇಷ್ಟವಾಗುತ್ತಿತ್ತು, ಆದರೆ ಗಂಟೆ ಹೊಡೆದ ಮೇಲೆ ಪರೀಕ್ಷೆಯಲ್ಲಿ ಏನು ಬರೆಯಬೇಕೆಂಬುದು ತಿಳಿಯುತ್ತಿರಲಿಲ್ಲ. ಕೊನೆಯ ಹತ್ತು ನಿಮಿಷದಲ್ಲಿ ಆ ದಿನದ ವಾದಗಳು ಯಾವ ನಿಯಮಕ್ಕೆ ಸಂಬಂಧಿಸಿದವು ಎಂಬುದನ್ನು ದಯವಿಟ್ಟು ಬರೆಸಿರಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ತಮ್ಮ ಸಲಹೆಗಳನ್ನು ಅನುಸರಿಸಿ ದಾಸ್ತಾನು ಮೌಲ್ಯಮಾಪನದ ಪಾಠವನ್ನು ಹೀಗೆ ರೂಪಿಸಿದ್ದೇನೆ, ಕೊರತೆಯಿದ್ದರೆ ತಿಳಿಸಿರಿ. ವ್ಯಾಪಾರಿಯೊಬ್ಬರು 100 ಕ್ವಿಂಟಲ್ ರಾಶಿ ಅಡಿಕೆಯನ್ನು ಕ್ವಿಂಟಲಿಗೆ 45,000 ರೂಪಾಯಿಯಂತೆ ಕೊಂಡಿದ್ದಾರೆ. ಮಾರ್ಚ್ 31ರಂದು ದರ 42,000, ಮಾರಾಟದ ಖರ್ಚು ಕ್ವಿಂಟಲಿಗೆ 500. ಲೆಕ್ಕಪತ್ರದಲ್ಲಿ ಯಾವ ಮೊತ್ತ ತೋರಿಸಬೇಕೆಂಬುದನ್ನು ಎಲ್ಲರೂ ಮೊದಲು ಚೀಟಿಯಲ್ಲಿ ಬರೆಯುತ್ತಾರೆ. "ಮಳೆಗಾಲದ ಹೊತ್ತಿಗೆ ದರ ಏರುತ್ತದೆ, ನಷ್ಟ ಏಕೆ ತೋರಿಸಬೇಕು?" ಎಂಬ ವಾದ ಬಂದೇ ಬರುತ್ತದೆ. ಅದು ನಿಜವಾದ ವ್ಯಾಪಾರಿಯ ವಾದವೂ ಹೌದಾದ್ದರಿಂದ ತಕ್ಷಣ ತಿದ್ದಲು ಹೋಗುವುದಿಲ್ಲ. ವೆಚ್ಚ ಮತ್ತು ನಿವ್ವಳ ವಸೂಲಿ ಮೌಲ್ಯ (ಮಾರುವ ದರದಿಂದ ಮಾರಾಟದ ಖರ್ಚು ಕಳೆದ ಮೊತ್ತ) ಇವೆರಡರಲ್ಲಿ ಕಡಿಮೆಯಾದುದನ್ನು ಹಿಡಿಯಬೇಕೆಂಬ ಲೆಕ್ಕಪತ್ರ ಮಾನಕ 2ರ ನಿಯಮವನ್ನು ವಾದಗಳೆಲ್ಲ ಮುಗಿದ ಮೇಲೆ ಬರೆಸುತ್ತೇನೆ. ಅದರಂತೆ ದಾಸ್ತಾನು 41,50,000, ನಷ್ಟ 3,50,000 ರೂಪಾಯಿ.

ಉತ್ತರ 4: ನಿವೃತ್ತ ವಾಣಿಜ್ಯ ಪ್ರಾಧ್ಯಾಪಕ, ಅಂಕೋಲಾ

ಮೇಡಂ, ಕ್ರಮ ಚೆನ್ನಾಗಿದೆ. ಆದರೆ ನಿಯಮ ಬರೆಸಿದ ಕೂಡಲೇ ಚರ್ಚೆ ನಿಂತುಹೋಗದಂತೆ ಎರಡನೆಯ ಚೀಟಿಯೊಂದನ್ನು ಇಟ್ಟುಕೊಳ್ಳಿರಿ: ಆ 100 ಕ್ವಿಂಟಲಿನಲ್ಲಿ 60 ಕ್ವಿಂಟಲನ್ನು 44,000ದ ದರದಲ್ಲಿ ಕೊಡುವುದಾಗಿ ಮಾರ್ಚ್ 31ಕ್ಕೆ ಮೊದಲೇ ಖಚಿತ ಕರಾರು ಆಗಿದೆ. ಅದೇ ಮಾನಕದ ಪ್ರಕಾರ ಅಷ್ಟು ಮಾಲಿಗೆ ಕರಾರಿನ ದರವೇ ಆಧಾರ. ಮಾರಾಟದ ಖರ್ಚು ಕಳೆದು 60 ಕ್ವಿಂಟಲಿಗೆ 43,500ರಂತೆ 26,10,000, ಉಳಿದ 40ಕ್ಕೆ 41,500ರಂತೆ 16,60,000, ಒಟ್ಟು 42,70,000 ಆಗಿ ನಷ್ಟ 2,30,000ಕ್ಕೆ ಇಳಿಯುತ್ತದೆ. ದರ ಏರಬಹುದೆಂಬ ನಿರೀಕ್ಷೆಗೂ ಕೈಯಲ್ಲಿರುವ ಕರಾರಿಗೂ ಲೆಕ್ಕಪತ್ರ ಕೊಡುವ ಬೆಲೆ ಬೇರೆ ಬೇರೆ ಏಕೆ ಎಂಬುದನ್ನು ಆಗ ವಿದ್ಯಾರ್ಥಿಗಳೇ ವಾದಿಸಿ ಕಂಡುಕೊಳ್ಳಲಿ. ಇದಕ್ಕೆ ಒಂದು ತರಗತಿ ಸಾಲದು, ಎರಡನ್ನು ಮೀಸಲಿಡಿರಿ.