ನಿಮಿಷಕ್ಕೆ 38 ಪದ ಓದಿದರೆ ಮಗು ಹಿಂದುಳಿದಂತೆಯೇ?

ಬೇಲೂರಿನ ತಾಯಿ: ಮಗಳು ಕನ್ನಡ ಮಾಧ್ಯಮದಲ್ಲಿ ಮೂರನೇ ತರಗತಿ. ಹಾಸನದ ಒಂದು ಮನೆಪಾಠದ ಕೇಂದ್ರದಲ್ಲಿ ಓದಿನ ಪರೀಕ್ಷೆ ಮಾಡಿ, ನಿಮಿಷಕ್ಕೆ 38 ಪದ, 60 ಇರಬೇಕಿತ್ತು, ಹಿಂದುಳಿದಿದ್ದಾಳೆ ಎಂದು ಬರೆದುಕೊಟ್ಟರು. ಮೂರು ತಿಂಗಳಿಗೊಮ್ಮೆ ಇದನ್ನೇ ಮಾಡಿಸಲೇ? ಎರಡು ರಾತ್ರಿಯಿಂದ ನಿದ್ದೆಯಿಲ್ಲ.

ಅರಸೀಕೆರೆಯ ತಂದೆ: ಮಾಡಿಸಿ. 60 ಅವರು ಹುಟ್ಟಿಸಿದ ಸಂಖ್ಯೆಯಲ್ಲ. ಮಕ್ಕಳಿಗೆ ಓದು-ಲೆಕ್ಕದ ಬುನಾದಿ ಹಾಕಲು ಕೇಂದ್ರ ಸರ್ಕಾರ 2021ರಲ್ಲಿ ಆರಂಭಿಸಿದ ನಿಪುಣ್ ಭಾರತ್ ಕಾರ್ಯಕ್ರಮ ಮೂರನೇ ತರಗತಿಗೆ ಇಟ್ಟ ಗುರಿ. ನನ್ನ ಮಗನ ವಿಷಯದಲ್ಲಿ ‘ಓದುತ್ತಾನೆ ಬಿಡಿ’ ಎಂಬ ಸಮಾಧಾನದಲ್ಲೇ ವರ್ಷಗಳು ಕಳೆದವು. ಅವನಿಗೆ ಓದಲು ಬರುವುದಿಲ್ಲ ಎಂದು ತಿಳಿದದ್ದು ಐದನೇ ತರಗತಿಯಲ್ಲಿ.

ಕಡೂರಿನ ಶಿಕ್ಷಕಿ: ಸರ್, ಅರ್ಥ ತಿಳಿದು ಓದಬೇಕು ಎಂದೂ ಆ ಗುರಿಯಲ್ಲಿದೆ. ಅದಿರಲಿ, ಕನ್ನಡದಲ್ಲಿ ಪದ ಎಣಿಸುವುದೇ ತೊಡಕು. ‘ಅವನು ಮನೆಗೆ ಬಂದ’ ಎಂಬುದು ಎಂಟು ಅಕ್ಷರ, ಮೂರು ಪದ. ‘ಮನೆಯಲ್ಲಿದ್ದವರಿಗೆಲ್ಲ’ ಎಂಬುದು ಒಂಬತ್ತು ಅಕ್ಷರ, ಒಂದೇ ಪದ! ಪಾಠಭಾಗ ಬದಲಾದರೆ ಅದೇ ಮಗುವಿನ ಅಂಕಿಯೂ ಬದಲಾಗುತ್ತದೆ. ಗಡಿಯಾರ ಇಡಲೇಬೇಕೆಂದರೆ ಅಕ್ಷರ ಎಣಿಸಿ.

ಬೇಲೂರಿನ ತಾಯಿ: ಈಗಷ್ಟೇ ಓದಿಸಿದೆ ಮೇಡಂ. ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಾಳೆ. ‘ಹಳ್ಳಿ’ ಸರಾಗವಾಗಿ ಬಂತು. ‘ರಾಷ್ಟ್ರ’ದ ಮೇಲೆ ಬೆರಳು ನಿಂತಿತು, ‘ರಾಷ್ಟ’ ಎಂದು ದಾಟಿಕೊಂಡಳು. ಆದರೆ ಕಥೆಯನ್ನು ಪೂರ್ತಿ ಹೇಳಿದಳು.

ಕಡೂರಿನ ಶಿಕ್ಷಕಿ: ಆ ಬೆರಳು ಹೇಳಿದ್ದನ್ನು 38 ಹೇಳಲಿಲ್ಲ ನೋಡಿ. ಅವಳಿಗೆ ಬೇಕಾಗಿರುವುದು ಎರಡೆರಡು ಒತ್ತು ಬರುವ ಪದಗಳ ಅಭ್ಯಾಸ.

ಮೂಡಿಗೆರೆಯ ಓದುಗ: ತೋಟದ ಲೈನ್ ಮನೆಗಳ ಮಕ್ಕಳಿಗೆ ಸಂಜೆ ಓದಿಸುತ್ತೇನೆ. ಮಕ್ಕಳ ಕಲಿಕೆಯ ಮಟ್ಟ ತಿಳಿಯಲು ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆ 2005ರಿಂದ ನಡೆಸುತ್ತಿರುವ ಅಸರ್ ಸಮೀಕ್ಷೆಯ ಓದಿನ ಹಾಳೆಯನ್ನು ಬಳಸುತ್ತೇನೆ: ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಪುಟ್ಟ ಪಾಠ, ಎರಡನೇ ತರಗತಿ ಮಟ್ಟದ ಕಥೆ. ಪದದ ಮಟ್ಟಕ್ಕೆ, ಮಗು ತಾನೇ ಆರಿಸಿದ ಐದು ಪದಗಳಲ್ಲಿ ನಾಲ್ಕನ್ನು ಸರಿಯಾಗಿ ಓದಿದರೆ ಸಾಕು. ಗಡಿಯಾರದ ಭಯವಿಲ್ಲ.

ಅರಸೀಕೆರೆಯ ತಂದೆ: ಅದು ಎರಡನೇ ತರಗತಿಯ ಕಥೆಗೇ ಮುಗಿಯುತ್ತದಲ್ಲ? ಈ ಮಗು ಅದನ್ನು ಆಗಲೇ ದಾಟಿದಂತಿದೆ.

ಮೂಡಿಗೆರೆಯ ಓದುಗ: ನಿಜ, ಒಪ್ಪುತ್ತೇನೆ. ಎಲ್ಲಿ ನಿಂತಿದೆ ಎಂದು ತಿಳಿಯಲು ಅದು ಒಳ್ಳೆಯದು, ಮುಂದಿನ ಬೆಳವಣಿಗೆಯನ್ನು ಅಳೆಯಲು ಸಾಲದು.

ಕಡೂರಿನ ಶಿಕ್ಷಕಿ: ಹಾಗಾಗಿ ಒಂದೇ ಮಟ್ಟದ ಬೇರೆ ಬೇರೆ ಪಾಠಭಾಗಗಳು ಬೇಕು. ಓದಿಸಿದ್ದನ್ನೇ ಮತ್ತೆ ಓದಿಸಿದರೆ ಬಾಯಿಪಾಠವನ್ನು ಅಳೆದಂತೆ. ಅಕ್ಕ, ಕೇಂದ್ರದವರನ್ನು ಕೇಳಿ: ಏನು ಓದಿಸಿದಿರಿ, ಕನ್ನಡ ಮಾಧ್ಯಮದ ಮಕ್ಕಳಿಗೆ ಮೊದಲು ಓದಿಸಿ ನೋಡಿದ್ದೀರಾ, ಅರ್ಥ ಕೇಳಿದಿರಾ?

ಬೇಲೂರಿನ ತಾಯಿ: ಕೇಳಿದೆ. ಇಂಗ್ಲಿಷಿನಿಂದ ಅನುವಾದಿಸಿದ ಭಾಗವಂತೆ. ಅರ್ಥ ಕೇಳಿಲ್ಲ. ಸೋಮವಾರ ಒತ್ತಕ್ಷರದ ಪಟ್ಟಿ ಹಿಡಿದು ಅವಳ ಶಾಲೆಗೆ ಹೋಗುತ್ತೇನೆ.